ವಿಲಿಯಂ ಫಾರ್

ವಿಲಿಯಂ ಫಾರ್ (ನವೆಂಬರ್ 30, 1807 – ಏಪ್ರಿಲ್ 14, 1883) ಇಂಗ್ಲೆಂಡಿನ ವೈದ್ಯ ಹಾಗೂ ಸಂಖ್ಯಾಶಾಸ್ತ್ರಜ್ಞರು. ಸಾಂಕ್ರಾಮಿಕ ರೋಗಗಳ ಸಾವುಗಳನ್ನು ಪ್ರದೇಶವಾರು, ವಾರವಾರು ಎಣಿಸಿ ಚಿತ್ರರೂಪದಲ್ಲಿ ತೋರಿಸಿದ ಮೊದಲಿಗರಲ್ಲಿ ಇವರೂ ಒಬ್ಬರು.

'''ಜೀವನ'''

ಶ್ರಾಪ್‌ಷೈರಿನ ಕೆನ್ಲಿ ಗ್ರಾಮದ ಬಡಕುಟುಂಬದಲ್ಲಿ ಜನಿಸಿದ ಫಾರ್, ಜೋಸೆಫ್ ಪ್ರೈಸ್ ಎಂಬ ಹಿರಿಯರ ಆಶ್ರಯದಲ್ಲಿ ಬೆಳೆದರು. ಪ್ಯಾರಿಸಿನಲ್ಲಿ ವೈದ್ಯಕೀಯ ಅಧ್ಯಯನ ಮಾಡಿದರು. ಜನನ ಮರಣಗಳ ನೋಂದಣಿಗಾಗಿ ಲಂಡನ್ನಿನಲ್ಲಿ ಹೊಸದಾಗಿ ಸ್ಥಾಪನೆಯಾಗಿದ್ದ ಕೇಂದ್ರ ಕಚೇರಿಯನ್ನು 1839ರಲ್ಲಿ ಸೇರಿ, ಸುಮಾರು ನಾಲ್ಕು ದಶಕ ಅಲ್ಲಿಯೇ ದುಡಿದರು. ಕಚೇರಿಯ ಮುಖ್ಯಸ್ಥರ ಹುದ್ದೆ ತಮಗೆ ದೊರೆಯದೆ ಹೋದಾಗ ನಿವೃತ್ತರಾದರು.

'''ಸಾಂಕ್ರಾಮಿಕಗಳ ರೇಖೆ'''

1837-39ರ ಸಿಡುಬಿನ ಸಾವುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ ಫಾರ್, ಅವು ಏರಿ, ಶಿಖರ ಮುಟ್ಟಿ, ಒಂದು ಕ್ರಮದಲ್ಲಿ ಇಳಿಯುವುದನ್ನು ಗುರುತಿಸಿದರು. ಇದು ಫಾರ್ ನಿಯಮವೆಂದು ಹೆಸರಾಯಿತು. 1866ರಲ್ಲಿ ದನಗಳ ಪಿಡುಗು ಇಳಿಮುಖವಾಗುವುದೆಂದು ಇದೇ ಆಧಾರದ ಮೇಲೆ ಪತ್ರಿಕೆಗೆ ಬರೆದರು. ಹಲವರು ನಂಬಲಿಲ್ಲ. ಪಿಡುಗು ಇಳಿಯಿತು, ರೋಗಪೀಡಿತ ದನಗಳ ವಧೆಯೂ ಅದಕ್ಕೆ ಕಾರಣವಾಗಿತ್ತೆಂಬುದನ್ನು ಮರೆಯಬಾರದು.

'''ಕಾಲರಾ ವರದಿ'''

1848-49ರ ಕಾಲರಾ ಕುರಿತು 1852ರಲ್ಲಿ ಪ್ರಕಟವಾದ ವರದಿ ಫಾರ್ ಅವರ ಮುಖ್ಯ ಕೃತಿ. ಲಂಡನ್ನಿನ ಉಷ್ಣತೆ ಹಾಗೂ ಮರಣಗಳನ್ನು 1840ರಿಂದ 1850ರವರೆಗೆ ವರ್ಷಕ್ಕೊಂದರಂತೆ ವೃತ್ತಗಳಲ್ಲಿ ಚಿತ್ರಿಸಲಾಗಿತ್ತು. ವೃತ್ತದ ಸುತ್ತ ವಾರಗಳು; ಸರಾಸರಿಗಿಂತ ಹೆಚ್ಚು ಸಾವಾದ ವಾರದಲ್ಲಿ ಚಿತ್ರವು ಹೊರಕ್ಕೆ ಉಬ್ಬುತ್ತದೆ. 1849ರ ವೃತ್ತದಲ್ಲಿ ಆ ಉಬ್ಬು ಓದಲು ಬಾರದವರಿಗೂ ಕಾಣುವಷ್ಟಿದೆ.

ನಗರದ ಜಿಲ್ಲೆಗಳನ್ನು ಥೇಮ್ಸ್ ನದಿಯ ಮಟ್ಟದಿಂದ ಇರುವ ಎತ್ತರಕ್ಕನುಗುಣವಾಗಿ ವಿಂಗಡಿಸಿದಾಗ, 20 ಅಡಿಗಿಂತ ತಗ್ಗಿನಲ್ಲಿ 10,000 ಜನರಿಗೆ 102 ಸಾವು, 40-60 ಅಡಿಯಲ್ಲಿ 34 ಸಾವು ಕಂಡಿತು. ಅಂಕಿಗಳು ಸರಿಯಾಗಿದ್ದವು, ತೀರ್ಮಾನ ತಪ್ಪಾಗಿತ್ತು. ತಗ್ಗಿನ ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ಫಾರ್ ನಂಬಿದರು. ತಗ್ಗಿನವರು ಕುಡಿಯುತ್ತಿದ್ದ ನೀರು ಕೊಳಕಾಗಿದ್ದುದಕ್ಕೆ ಸಾಕಷ್ಟು ಮಹತ್ವ ಕೊಡಲಿಲ್ಲ. ಆದರೂ ನೀರೇ ಕಾರಣವೆಂದು ವಾದಿಸಿದ ಜಾನ್ ಸ್ನೋ ಅವರಿಗೆ 1854ರಲ್ಲಿ ಮರಣದ ದಾಖಲೆಗಳನ್ನು ಒದಗಿಸಿದವರು ಇವರೇ.

1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಮರುಕಳಿಸಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಾವುಗಳು ಒಂದೇ ನೀರು ಕಂಪನಿಯ ಪ್ರದೇಶದಲ್ಲಿ ದಟ್ಟವಾಗಿರುವುದನ್ನು ಫಾರ್ ಅವರ ಪಟ್ಟಿಗಳೇ ತೋರಿಸಿದವು. ಸ್ನೋ ತೀರಿಕೊಂಡು ಎಂಟು ವರ್ಷಗಳಾಗಿದ್ದವು. ಫಾರ್ ತಮ್ಮ ಹಳೆಯ ನಿಲುವನ್ನು ಬದಲಿಸಿ, ನೀರಿನ ಪಾತ್ರವನ್ನು ತಮ್ಮ ವರದಿಯಲ್ಲಿ ಒಪ್ಪಿಕೊಂಡರು.

'''ಭಾರತದ ನಂಟು'''

ಫ್ಲಾರೆನ್ಸ್ ನೈಟಿಂಗೇಲ್ ಅವರ ಅಂಕಿಅಂಶ ಕಾರ್ಯದಲ್ಲಿ ಫಾರ್ ಸಹಾಯಕರಾಗಿದ್ದರು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ 1863ರಲ್ಲಿ ವರದಿ ನೀಡಿದ ರಾಜ ಆಯೋಗದಲ್ಲಿಯೂ ಸದಸ್ಯರಾಗಿದ್ದರು.