ರಟ್ಟಿನ ಗಿಟಾರು

ವಿದ್ಯುತ್ ಗಿಟಾರು ನುಡಿಸುವ ನನ್ನ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ತಂತಿಗಳನ್ನು ಹೊರುವ ಸತುವಿನ ಕುದುರೆಯನ್ನು ತೆಗೆದು ಹಿತ್ತಾಳೆಯದನ್ನು ಕೂರಿಸಿದರೆ ನಾದ ತುಂಬಿಬರುವುದೆಂದು ಅವನ ನಂಬಿಕೆ. ಅದಕ್ಕೆ ತಕ್ಕ ಹಣವಿಲ್ಲವೆಂಬುದು ಅವನ ಕೊರಗು. ನಾನು ಅವನಿಗೆ ಆಂತೋನಿಯೋ ದೆ ತೊರ್ರೆಸನ ಕಥೆ ಹೇಳಿದೆ.

ತೊರ್ರೆಸ್ ಹುಟ್ಟಿದ್ದು 1817ರಲ್ಲಿ, ದಕ್ಷಿಣ ಸ್ಪೇನಿನ ಅಲ್ಮೆರಿಯಾ ಪಟ್ಟಣದ ಬಳಿ. ಎಳವೆಯಲ್ಲೇ ಬಡಗಿಯ ಕೆಲಸ ಕಲಿತ. ಹದಿನೆಂಟರ ಹರೆಯದಲ್ಲಿ ಮದುವೆಯಾಯಿತು. ಮಕ್ಕಳಲ್ಲಿ ಇಬ್ಬರು ಶೈಶವದಲ್ಲೇ ತೀರಿಕೊಂಡರು. 1845ರಲ್ಲಿ ಪತ್ನಿಯನ್ನು ಕ್ಷಯ ಕೊಂಡೊಯ್ದಿತು. ಸೆವಿಲ್ ನಗರಕ್ಕೆ ಬಂದು ನೆಲೆಸಿದ ಈ ಬಡಗಿಯನ್ನು ಗಿಟಾರು ತಯಾರಿಕೆಯ ವೃತ್ತಿಗೆ ಹುರಿದುಂಬಿಸಿದವನು ವಾದಕ ಹೂಲಿಯಾನ್ ಆರ್ಕಾಸ್. 1858ರಲ್ಲಿ ಸೆವಿಲ್ಲಿನ ಪ್ರದರ್ಶನದಲ್ಲಿ ಅವನ ವಾದ್ಯಕ್ಕೆ ಕಂಚಿನ ಪದಕ ದೊರೆಯಿತು.

ಲೋಹದ ಆಸೆ ತೊರ್ರೆಸನಿಗೂ ಇತ್ತು. ಕೆಲವು ಗಿಟಾರುಗಳ ನಾದರಂಧ್ರದೊಳಗೆ ಆತ ಲೋಹದ ಕೊಳವೆಯೊಂದನ್ನು ಕೂರಿಸಿದ್ದ. ಆದರೆ ಅವನ ಮನಸ್ಸು ನೆಟ್ಟಿದ್ದುದು ಮೇಲುಹಲಗೆಯ ಮೇಲೆ. ಆ ಹಲಗೆಯನ್ನು ಅಗಲಿಸಿ, ತೆಳುಮಾಡಿ, ಒಳಬದಿಗೆ ಬೀಸಣಿಗೆಯಂತೆ ಹರಡಿದ ಏಳು ಕಡ್ಡಿಗಳ ಆಧಾರ ಕೊಟ್ಟ. ನಾದದ ಪ್ರಾಣ ಅಲ್ಲಿದೆಯೆಂಬುದನ್ನು ತೋರಿಸಲೆಂದೇ 1862ರಲ್ಲಿ ಒಂದು ವಿಚಿತ್ರ ವಾದ್ಯ ಕಟ್ಟಿದ: ಮೇಲುಹಲಗೆ ಮಾತ್ರ ಒಳ್ಳೆಯ ಮರ, ಬೆನ್ನು, ಪಕ್ಕಗಳೆಲ್ಲ ಬರಿಯ ಕಾಗದದ ರಟ್ಟು! ಆ ಗಿಟಾರು ಈಗ ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಕೀರ್ತಿ ಬಂದರೂ ಸಿರಿ ಬರಲಿಲ್ಲ. 1870ರ ಸುಮಾರಿಗೆ ಗಿಟಾರು ಕೆಲಸ ಬಿಟ್ಟು, ಅಲ್ಮೆರಿಯಾಕ್ಕೆ ಮರಳಿ ಪಿಂಗಾಣಿಯ ಅಂಗಡಿ ತೆರೆದ. ಕೈ ಸುಮ್ಮನಿರಲೊಲ್ಲದು, ಕೆಲವು ವರ್ಷಗಳಲ್ಲೇ ಮತ್ತೆ ಉಳಿ ಹಿಡಿದ. 1892ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ತನ್ನ ಗುಟ್ಟನ್ನು ಯಾರಿಗೂ ಒಪ್ಪಿಸಿಹೋಗಲಾರೆ, ಅದು ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿದೆ ಎಂಬರ್ಥದ ಮಾತನ್ನು ಆತ ಆಡಿದನೆಂದು ಅವನನ್ನು ಬಲ್ಲ ಪಾದ್ರಿಯೊಬ್ಬರು ಬರೆದಿಟ್ಟಿದ್ದಾರೆ. ಹಲಗೆಯ ಹದವನ್ನು ಅರಿಯುತ್ತಿದ್ದುದು ಆ ಬೆರಳುಗಳೇ.

ಕಥೆ ಕೇಳಿದ ಹುಡುಗ ಸುಮ್ಮನಿರಲಿಲ್ಲ. ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಗ್ರಹಿಸುವುದು ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಅಲ್ಲಿ ತೊರ್ರೆಸನ ಹಲಗೆಯ ನ್ಯಾಯ ಸಲ್ಲದು ಎಂದ. ಒಪ್ಪಿಕೊಂಡೆ. ತಂತಿ ತಾಗುವೆಡೆಯ ಲೋಹಕ್ಕೂ ತನ್ನದೊಂದು ಪಾಲು ಇದ್ದೀತು. ಆದರೆ ಯಾವ ಪಾಲು ಎಷ್ಟೆಂದು ತಿಳಿಯಲು ತೊರ್ರೆಸ್ ಬೆಲೆಯನ್ನು ಕೇಳಲಿಲ್ಲ. ರಟ್ಟನ್ನು ಅಂಟಿಸಿ, ತಂತಿ ಬಿಗಿದು, ಕಿವಿಗೊಟ್ಟ.

ಬೆಲೆಯುಳ್ಳ ಪದಗಳನ್ನು ಹೆಕ್ಕಿ ಪದ್ಯ ಕಟ್ಟಲೆಳಸುವ ವಿದ್ಯಾರ್ಥಿಗಳೂ ನನ್ನ ಬಳಿ ಬರುತ್ತಾರೆ. ಇನ್ನು ಮುಂದೆ ಅವರಿಗೂ ಈ ಬಡಗಿಯ ಕಥೆಯನ್ನೇ ಹೇಳಬೇಕೆಂದಿದ್ದೇನೆ.