ಮೇಣದಲ್ಲಿ ಹುದುಗಿದ ಹೂವು: ಬಿ.ಜಿ.ಎಲ್. ಸ್ವಾಮಿ

ಮಕ್ಕಳೇ, ಹಂಪಿ ಬಜಾರಿಗೆ ಹೋದಾಗ ವಿರೂಪಾಕ್ಷನ ಗುಡಿಗೆಂದು ಹೂವು ಕೊಳ್ಳುತ್ತೀರಲ್ಲವೆ? ಆ ಮಾಲೆಯಿಂದ ಒಂದೇ ಒಂದು ಮಲ್ಲಿಗೆ ಮೊಗ್ಗನ್ನು ತೆಗೆದಿಟ್ಟುಕೊಳ್ಳಿ. ನಿಮ್ಮ ಶಿಕ್ಷಕರಿಗೆ ಹೇಳಿ ಅದನ್ನು ಬ್ಲೇಡಿನಿಂದ ತೆಳ್ಳಗೆ ಕತ್ತರಿಸಿಸಿ ನೋಡಿ. ಎಷ್ಟೇ ಹುಷಾರಾಗಿ ಕತ್ತರಿಸಿದರೂ ಮೊಗ್ಗು ನಜ್ಜುಗುಜ್ಜಾಗುತ್ತದೆ. ಆದರೆ ಮೊಗ್ಗಿನ ಒಳಗಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಒಂದು ಮಿಲಿಮೀಟರಿನಷ್ಟು ದಪ್ಪದ ಭಾಗವನ್ನು ಸುಮಾರು 100 ಹಾಳೆಗಳಾಗಿ ಸೀಳಬೇಕು! ಹಾಗಿದ್ದರೆ ಇಷ್ಟು ಮೆತ್ತನೆಯ ವಸ್ತುವನ್ನು ಸೀಳುವುದು ಹೇಗೆ?

ಇದಕ್ಕೆ ಉತ್ತರ ಮೇಣ. ಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಇಂಥ ಕೆಲಸ ಮಾಡಿದ ಕನ್ನಡದ ವಿಜ್ಞಾನಿಯೊಬ್ಬರ ಕಥೆ ಇದು.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರಲ್ಲಿ. ತಂದೆ ಯಾರೆಂದು ಹೇಳಿದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. 'ಮಂಕುತಿಮ್ಮನ ಕಗ್ಗ' ಬರೆದ ಡಿ.ವಿ. ಗುಂಡಪ್ಪನವರು. ಹೆಸರು ದೊಡ್ಡದು, ಆದರೆ ಪತ್ರಕರ್ತರಾಗಿದ್ದ ಅವರ ಮನೆಯಲ್ಲಿ ಹಣದ ಅನುಕೂಲ ಹೆಚ್ಚಿರಲಿಲ್ಲ. ಮಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಓದು ಮುಗಿದ ಮೇಲೆ ಸಂಶೋಧನೆ ಮಾಡುವ ಹಂಬಲ ಹುಟ್ಟಿತು. ಕೈಹಿಡಿದು ನಡೆಸುವ ಮಾರ್ಗದರ್ಶಕರಿರಲಿಲ್ಲ. ಸ್ವಾಮಿಯವರು ಮನೆಯಲ್ಲಿಯೇ ಪುಟ್ಟ ಪ್ರಯೋಗಶಾಲೆ ಕಟ್ಟಿಕೊಂಡರು.

ಅವರು ಆರಿಸಿಕೊಂಡದ್ದು ಆರ್ಕಿಡ್ ಗಿಡಗಳನ್ನು. ಮರದ ಕೊಂಬೆಯನ್ನು ಬೇರುಗಳಿಂದ ಅಪ್ಪಿಕೊಂಡು ಬೆಳೆಯುವ, ಚೆಂದದ ಹೂ ಬಿಡುವ ಗಿಡವನ್ನು ಸಂಡೂರಿನ ಕಾಡಿನಲ್ಲಿ ನೀವು ಕಂಡಿದ್ದರೆ ಅದು ಆರ್ಕಿಡ್ ಇರಬಹುದು. ಇದರ ಒಂದೇ ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ. ಬೀಜವೆಂದರೆ ಧೂಳಿನ ಕಣದಷ್ಟು! ಅದರೊಳಗೆ ಗಿಡಕ್ಕೆ ಬುತ್ತಿಯೂ ಇರುವುದಿಲ್ಲ. ಮೊಳೆಯಬೇಕಾದರೆ ಒಂದು ಬಗೆಯ ಶಿಲೀಂಧ್ರದ ನೆರವು ಬೇಕು. ಇಷ್ಟು ಚಿಕ್ಕ ಬೀಜದಲ್ಲಿ ಭ್ರೂಣ ಹೇಗೆ ರೂಪುಗೊಳ್ಳುತ್ತದೆ? ಸ್ವಾಮಿಯವರ ಪ್ರಶ್ನೆ ಇದೇ ಆಗಿತ್ತು.

ಉತ್ತರ ಹುಡುಕಬೇಕಾದರೆ ಹೂವಿನ ಅಂಡಾಶಯವನ್ನು ಸೀಳಿ ನೋಡಬೇಕು. ಆ ಕಾಲದಲ್ಲಿ ಅದಕ್ಕಿದ್ದ ದಾರಿಯನ್ನು ಸ್ವಲ್ಪ ವಿವರವಾಗಿ ತಿಳಿಯೋಣ. ಮೊಗ್ಗನ್ನು ಕಿತ್ತ ಕೂಡಲೇ ಫಾರ್ಮಲಿನ್ ಸೇರಿದ ದ್ರವದಲ್ಲಿ ಹಾಕುತ್ತಾರೆ. ಜೀವಕೋಶಗಳು ಕೊಳೆಯದೆ ಇದ್ದಂತೆಯೇ ನಿಲ್ಲುತ್ತವೆ. ಅವುಗಳಲ್ಲಿ ನೀರು ತುಂಬಿದೆ. ನೀರಿಗೂ ಮೇಣಕ್ಕೂ ಆಗಿಬರುವುದಿಲ್ಲ. ಆದ್ದರಿಂದ ಮೊದಲು ತೆಳು ಆಲ್ಕೊಹಾಲ್, ಬಳಿಕ ಇನ್ನಷ್ಟು ಗಟ್ಟಿ ಆಲ್ಕೊಹಾಲ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನೀರನ್ನು ಹೊರಗೆ ಕಳಿಸಬೇಕು. ಒಮ್ಮೆಲೇ ಮಾಡಿದರೆ ಕೋಶಗಳು ಮುದುಡುತ್ತವೆ. ಕೊನೆಗೆ ಮೇಣವನ್ನು ಕರಗಿಸಬಲ್ಲ ಜೈಲಾಲ್ ಎಂಬ ದ್ರವ. ಅದರ ಜಾಗಕ್ಕೆ ಕರಗಿದ ಪ್ಯಾರಾಫಿನ್ ಮೇಣ ನಿಧಾನವಾಗಿ ಇಳಿಯುತ್ತದೆ.

ನಿಜವಾದ ಪರೀಕ್ಷೆ ಇಲ್ಲಿದೆ. ಈ ಮೇಣ ಕರಗುವುದು ಸುಮಾರು 52ರಿಂದ 58 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾವು ತುಸು ಇಳಿದರೆ ಮೇಣ ಒಳಗೆ ಹೋಗುವ ಮೊದಲೇ ಹೆಪ್ಪುಗಟ್ಟುತ್ತದೆ. ಏರಿದರೆ ಹೂವಿನ ಭಾಗ ಸುಕ್ಕಾಗಿ ಗಟ್ಟಿಯಾಗುತ್ತದೆ. ಗಂಟೆಗಟ್ಟಲೆ ಒಂದೇ ಹದ ಕಾಯಬೇಕು. ಎಷ್ಟೋ ಆರ್ಕಿಡ್‌ಗಳು ಹೂ ಬಿಡುವುದು ವರ್ಷಕ್ಕೊಮ್ಮೆ. ಕಾಡು ಸುತ್ತಿ ತಂದ ಮೊಗ್ಗು ಮೇಣದಲ್ಲಿ ಕೆಟ್ಟರೆ ಮುಂದಿನ ವರ್ಷದವರೆಗೆ ಕಾಯದೆ ಬೇರೆ ದಾರಿಯಿಲ್ಲ!

ಮೇಣ ಇಳಿದ ಮೇಲೆ ಅದನ್ನು ಮೊಗ್ಗಿನ ಸಮೇತ ಕಾಗದದ ದೋಣಿಗೆ ಸುರಿಯುತ್ತಾರೆ. ಮಳೆನೀರಿನಲ್ಲಿ ನೀವು ತೇಲಿಬಿಡುತ್ತೀರಲ್ಲ, ಹೆಚ್ಚುಕಡಿಮೆ ಅಂಥದೇ ದೋಣಿ. ತಣ್ಣೀರಿನಲ್ಲಿ ಇಟ್ಟರೆ ಗಟ್ಟಿ ಬಿಲ್ಲೆ ಸಿದ್ಧ. ಈಗ ಮೊಗ್ಗಿನ ಒಳಗೂ ಮೇಣ, ಹೊರಗೂ ಮೇಣ. ಮೈಕ್ರೊಟೋಮ್ ಎಂಬ ಯಂತ್ರದ ಕತ್ತಿಗೆ ಕೊಟ್ಟರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಬರುತ್ತವೆ. ಅವನ್ನು ಗಾಜಿನ ಪಟ್ಟಿಗೆ ಅಂಟಿಸಲು ಕೋಳಿಮೊಟ್ಟೆಯ ಬಿಳಿ ಲೋಳೆಯೇ ಸಾಕು. ಬಳಿಕ ಮೇಣವನ್ನು ಕರಗಿಸಿ ತೆಗೆದು ಬಣ್ಣ ಹಾಕುತ್ತಾರೆ.

(ಒಂದು ಎಚ್ಚರಿಕೆ: ಅಂಗಡಿಯ ಮೇಣದಬತ್ತಿಯೂ ಬಹುಮಟ್ಟಿಗೆ ಪ್ಯಾರಾಫಿನ್ನೇ. ಹಾಗೆಂದು ನೀವು ಮನೆಯಲ್ಲಿ ಒಬ್ಬರೇ ಕರಗಿಸಲು ಹೋಗಬೇಡಿ. ನೇರ ಬೆಂಕಿಯ ಮೇಲಿಟ್ಟ ಮೇಣದ ಆವಿಗೆ ಬೆಂಕಿ ಹತ್ತಬಹುದು. ಹತ್ತಿದ ಮೇಣಕ್ಕೆ ನೀರು ಹಾಕಿದರೆ ಉರಿ ಚಿಮ್ಮುತ್ತದೆ. ತಿಳಿದವರು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸುತ್ತಾರೆ.)

ಇಂಥ ನೂರಾರು ಹಾಳೆಗಳನ್ನು ಒಂದರ ಹಿಂದೊಂದು ನೋಡಿದಾಗಲೇ ಭ್ರೂಣದ ಪೂರ್ತಿ ರೂಪ ಮನಸ್ಸಿನಲ್ಲಿ ಮೂಡುವುದು. ಸ್ವಾಮಿಯವರಿಗೆ ಚಿತ್ರ ಬರೆಯುವ ಕೈಯೂ ಇತ್ತು. ಆರ್ಕಿಡ್‌ಗಳ ಮೇಲಿನ ಅವರ ಲೇಖನಗಳು ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದವು. ಮೈಸೂರು ವಿಶ್ವವಿದ್ಯಾನಿಲಯ ಡಿ.ಎಸ್‌ಸಿ. ಪದವಿ ನೀಡಿತು. 1940ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಸೇರಿ ಇರ್ವಿಂಗ್ ಬೇಲಿ ಎಂಬ ಹಿರಿಯ ವಿಜ್ಞಾನಿಯ ಜೊತೆ ದುಡಿದರು. ಹೂವಿನ ಅಂಡಾಶಯವನ್ನು ಉದ್ದಕ್ಕೆ ಮಡಿಚಿದ ಎಲೆಯಂತೆ ತಿಳಿಯಬಹುದು ಎಂದು ವಿವರಿಸುವ ಲೇಖನವನ್ನು ಇಬ್ಬರೂ ಸೇರಿ 1951ರಲ್ಲಿ ಪ್ರಕಟಿಸಿದರು. ಅವರೆಕಾಯಿಯನ್ನು ಬಿಡಿಸಿ ಹರಡಿ ನೋಡಿ, ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಸ್ವಾಮಿಯವರು ಒಂದು ಸಸ್ಯಕ್ಕೆ ಬೇಲಿಯವರ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೇಲಿ.

ಭಾರತಕ್ಕೆ ಮರಳಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದರು, ಪ್ರಿನ್ಸಿಪಾಲರೂ ಆದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವಗಳನ್ನು 'ಹಸುರು ಹೊನ್ನು' ಪುಸ್ತಕದಲ್ಲಿ ನಗೆ ಬೆರೆಸಿ ಬರೆದರು. ಚಿತ್ರಗಳೂ ಅವರವೇ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗ್ರಂಥಾಲಯದಲ್ಲಿ ಸಿಕ್ಕರೆ ಬಿಡದೆ ಓದಿ.

1980ರಲ್ಲಿ ಸ್ವಾಮಿಯವರು ತೀರಿಕೊಂಡರು. ಹೂವು ಕಾಯಾಗುವ ಬಗೆಯನ್ನು ಕುರಿತು, ಕೆ.ವಿ. ಕೃಷ್ಣಮೂರ್ತಿಯವರೊಂದಿಗೆ ಬರೆದ ಅವರ ಭ್ರೂಣಶಾಸ್ತ್ರದ ಪುಸ್ತಕ ಹೊರಬಂದದ್ದೂ ಅದೇ ವರ್ಷ.