ಪೂಜ್ಯ ಕಿಟ್ಟೆಲ್ ಪಂಡಿತರು

ಕ್ರಿಸ್ತನು ಮೂರನೆಯ ದಿನದಲ್ಲಿ ಸಮಾಧಿಯಿಂದೆದ್ದು, ನಾಲ್ವತ್ತು ದಿನಗಳ ಮೇಲೆ ಪರಲೋಕಕ್ಕೆ ಏರಿಹೋದನೆಂಬುದೇ ನಮ್ಮ ಸಭೆಯ ನಂಬಿಕೆಗೆ ಬುನಾದಿ. ಈ ನಿರೀಕ್ಷೆಯನ್ನು ಕನ್ನಡದಲ್ಲಿಯೇ ಸಾರಲು ಶ್ರಮಿಸಿದವರಲ್ಲಿ ಫರ್ಡಿನಾಂಡ್ ಕಿಟ್ಟೆಲರು ಚಿರಸ್ಮರಣೀಯರು.

ಇವರು 1832ರಲ್ಲಿ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿ, ಬಾಸೆಲ್ ಮಿಶನ್ನಿನಲ್ಲಿ ಶಿಕ್ಷಣ ಹೊಂದಿ, 1853ರಲ್ಲಿ ಕನ್ನಡನಾಡಿಗೆ ಬಂದರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಎರಡೇ ವರ್ಷಗಳಲ್ಲಿ, 1864ರಲ್ಲಿ, ಪತ್ನಿ ಪೌಲಿನಾ ತೀರಿಕೊಂಡರು. ಪರರಿಗೆ ಸಾರಿದ ಪುನರುತ್ಥಾನದ ನಿರೀಕ್ಷೆಯು ಆಗ ತಮ್ಮ ಮನೆಯಲ್ಲಿಯೇ ಪರೀಕ್ಷೆಗೆ ಗುರಿಯಾಯಿತು. ಆದರೂ ಅವರು ಹಿಡಿದ ನೇಗಿಲನ್ನು ಬಿಡಲಿಲ್ಲ. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳುಳ್ಳ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಡಾಕ್ಟರ್ ಪದವಿಯಿತ್ತು ಗೌರವಿಸಿತು. ಆ ನಗರದಲ್ಲಿಯೇ ಅವರು 1903ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ಬಂದು ಇಲ್ಲಿ ಕಲಿತ ಪ್ರಿಯ ಸೋದರಿಯರೇ, ನಿಮ್ಮ ಮತ ಯಾವುದೇ ಇರಲಿ, ಮೃತ್ಯುವು ಎಲ್ಲರ ಮನೆಯ ಬಾಗಿಲನ್ನೂ ತಟ್ಟುವುದು. ಆ ದಿನ ಕಣ್ಣೀರು ಸುರಿಯಲಿ. ಕೈಗೊಂಡ ಸತ್ಕಾರ್ಯ ಮಾತ್ರ ನಿಲ್ಲದಿರಲಿ. ಪುನರುತ್ಥಾನವನ್ನು ನಂಬಿದವರ ಬಾಳಿಗೆ ಇದಕ್ಕಿಂತ ಮಿಗಿಲಾದ ಸಾಕ್ಷಿಯನ್ನು ನಾವು ಕಾಣೆವು.